ಪ್ರತಿಮಾತು

೪ ಫೆಬ್ರವರಿ, ಮಂಗಳವಾರ

ಅಕ್ಕ ಬಂದಳು. ಬಂದಳು ಅನ್ನುವುದಕ್ಕಿಂತ ತಂದಿಳಿಸಿದೆವು ಅನ್ನಬೇಕು. ಒಂದು ಕಡೆ ಟ್ಯಾಕ್ಸಿಯಾತ, ಇನ್ನೊಂದು ಕಡೆ ನಾನು, ನಡುವೆ ಅವಳು. ಕಿಟಕಿ ಪಕ್ಕದ ಮಂಚದ ಮೇಲೆ ಕೂರಿಸುವಷ್ಟರಲ್ಲಿ ಮೂವರಿಗೂ ಏದುಸಿರು.

"ನಂಗೆ ಡ್ರೈವಿಂಗ್ ಕಲಿಸಿದ್ದು ಇವರೇ ಮೇಡಂ," ಅಂದ ಟ್ಯಾಕ್ಸಿಯಾತ, ನಾನು ಕೊಟ್ಟ ಚಹಾ ಕುಡಿಯುತ್ತ. "ಇವರು ನಂಗೆ ಬೈದಷ್ಟು ನಮ್ಮಪ್ಪನೂ ಬೈದಿಲ್ಲ."

"ನಮ್ಮಪ್ಪನೂ ಬೈದಿಲ್ಲ," ಅಂದಳು ಅಕ್ಕ.

ಆತ ನಕ್ಕ. ಆಮೇಲೆ ನಗಬಾರದಿತ್ತೇನೋ ಅನ್ನಿಸಿ ಲೋಟ ಕೆಳಗಿಟ್ಟು ಎದ್ದ.

ಪಾರ್ಶ್ವವಾಯು ಹೊಡೆದು ಅವಳ ಬಲಗೈ, ಬಲಗಾಲು ಸೋತಿವೆ. ಕೋಲು ಹಿಡಿದು ನಿಧಾನ ನಡೆಯುತ್ತಾಳೆ. ಅದು ದಿನ ಕಳೆದಂತೆ ಸುಧಾರಿಸುತ್ತದಂತೆ. ಮಾತಿನದೇ ಬೇರೆ ಕಥೆ. ತಾನಾಗಿ ಒಂದಕ್ಷರ ಆಡುವುದಿಲ್ಲ. ನಾವು ಆಡಿದ್ದನ್ನು ಎತ್ತಿ ನಮ್ಮ ಮುಂದೆಯೇ ಇಡುತ್ತಾಳೆ. ಆಸ್ಪತ್ರೆಯಲ್ಲಿ ನರ್ಸೊಬ್ಬಳು "ಅಜ್ಜಿ ಗಿಣಿ ಥರ" ಅಂದಿದ್ದಳು. ಅಕ್ಕ ಸರಿಯಿದ್ದಿದ್ದರೆ ಅಜ್ಜಿ ಅಂದವಳ ಗ್ರಹಚಾರ ಬಿಡಿಸುತ್ತಿದ್ದಳು.

ಅವಳ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ನನ್ನದು ನೆಲಮಹಡಿ. ತಮ್ಮ ಇರುವುದು ಒಂದು ಹಗಲು ಒಂದು ರಾತ್ರಿ ರೈಲಿನ ದೂರದಲ್ಲಿ. ಹಾಗಾಗಿ ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಬೇಡ ಅನ್ನಲಿಲ್ಲ. ಭಾವ ಹೋದ ಮೇಲೆ ಡ್ರೈವಿಂಗ್ ಸ್ಕೂಲನ್ನು ಒಬ್ಬಳೇ ನಡೆಸಿದವಳು ಅವಳು, ಯಾರ ಜೊತೆಗೂ ಇರಲಾರೆ ಅಂತ ಮದುವೆಯ ಮಾತನ್ನೇ ಎತ್ತಲು ಬಿಡದವಳು ನಾನು. ಎರಡು ಜಡೆ ಕೂಡಿದರೆ ಜಗಳ ಅನ್ನುತ್ತಾರೆ. ಜಗಳಕ್ಕಾದರೂ ಎರಡು ಬಾಯಿ ಬೇಕಲ್ಲ.

"ನೀರು ಬೇಕಾ?"

"ನೀರು ಬೇಕಾ?"

"ನಿನ್ನನ್ನ ಕೇಳ್ತಿರೋದು."

"ನಿನ್ನನ್ನ ಕೇಳ್ತಿರೋದು."

ನೀರು ನಾನೇ ಕುಡಿದೆ.

೬ ಫೆಬ್ರವರಿ, ಗುರುವಾರ

ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನೋಡಿಕೊಳ್ಳಲು ಹಿಂದಿನ ಮನೆಯಾಕೆ ಒಪ್ಪಿದ್ದಾರೆ. ಆ ಹೊತ್ತಿಗೆ ಆಫೀಸು. ಆಫೀಸು ಅಂದರೆ ಮುದ್ರಣಾಲಯದ ಮೇಲಿನ ಒಂದು ಉದ್ದ ಕೋಣೆ, ನಾಲ್ಕು ಮೇಜು, ಕೆಳಗಿನ ಯಂತ್ರ ಶುರುವಾದರೆ ನಡುಗುವ ಪೆನ್ನುಗಳು. ವಿದ್ಯಾರ್ಥಿಗಳ ನಿಘಂಟಿನ ಹೊಸ ಆವೃತ್ತಿ. ನನ್ನ ಪಾಲಿಗೆ ತವರ್ಗ, ಪವರ್ಗ. ಎಲ್ಲರೂ ಮುಂದೆ ಹೋಗಿದ್ದಾರೆ. ನಾನು 'ನಕಲು' ಹತ್ತಿರ ಕಾಲು ಹೂತು ನಿಂತಿದ್ದೇನೆ.

ಹಳೆ ಆವೃತ್ತಿಯಲ್ಲಿ ಒಂದೇ ಸಾಲು: ಇದ್ದುದನ್ನು ಇದ್ದಂತೆ ಬರೆದುಕೊಳ್ಳುವುದು, ಪ್ರತಿ. ಸಾಲದು ಅಂತ ಬೇರು ಹುಡುಕುತ್ತ ಹೋದೆ. ಅರಬ್ಬಿಯಲ್ಲಿ ಆ ಮಾತಿಗೆ ಸಾಗಿಸುವುದು ಅಂತ ಅರ್ಥ, ಒಂದೆಡೆಯಿಂದ ಎತ್ತಿ ಇನ್ನೊಂದೆಡೆ ಇಳಿಸುವುದು. ಪಾರಸಿಯ ಹೆಗಲೇರಿ ಬಂದು ನಮ್ಮ ಕಚೇರಿಗಳಲ್ಲಿ ಠಿಕಾಣಿ ಹೂಡಿತು. ಸಾಗಿಸುವುದರಲ್ಲಿ ಮೋಸವೇನಿದೆ? ಆದರೂ ದಾರಿಯಲ್ಲೆಲ್ಲೋ ಒಂದು ಇಕಾರ ಅಂಟಿಸಿಕೊಂಡು 'ನಕಲಿ' ಆಗಿ ಹೆಸರು ಕೆಡಿಸಿಕೊಂಡಿದೆ.

ಇದನ್ನೆಲ್ಲ ಬರೆದು ಸಂಪಾದಕರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಣೆಗೇರಿಸಿದರು.

"ಅಮ್ಮಾ, ಮಕ್ಕಳು ಅರ್ಥ ಕೇಳ್ತಾರೆ. ಜಾತಕ ಕೇಳಲ್ಲ."

"ಬೇರು ಗೊತ್ತಿಲ್ಲದೆ ಅರ್ಥ ಹೇಗೆ ಸರ್?"

"ಬೇರು ಅಗೀತಾ ಕೂತ್ರೆ ಗಿಡ ಸಾಯುತ್ತೆ. ಒಂದು ಸಾಲು. ಒಂದು ಉದಾಹರಣೆ ವಾಕ್ಯ. ಮುಂದಕ್ಕೆ ಹೋಗಿ."

ಹೋಗಲಾಗುತ್ತಿಲ್ಲ. ಕೂರಲೂ ಆಗುತ್ತಿಲ್ಲ. ಕಿಟಕಿಯವರೆಗೆ ಹೋಗುವುದು, ಬರುವುದು. ಪಕ್ಕದ ಮೇಜಿನವರು ಕಾಲು ಎಳೆದುಕೊಂಡು ದಾರಿ ಬಿಡುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ.

೧೧ ಫೆಬ್ರವರಿ, ಮಂಗಳವಾರ

ಆಸ್ಪತ್ರೆಯಿಂದ ಮಾತು ಕಲಿಸುವ ಹುಡುಗಿ ಬಂದಿದ್ದಳು. ಚೀಲದ ತುಂಬ ಚಿತ್ರಗಳು. ಅಕ್ಕನ ಎದುರು ಕುರ್ಚಿ ಎಳೆದುಕೊಂಡು ಗಂಟೆಗಟ್ಟಲೆ ಕೂತಳು. ಒಮ್ಮೆಯೂ ಗಡಿಯಾರ ನೋಡಲಿಲ್ಲ. ಹೋಗುವಾಗ ಬಾಗಿಲ ಬಳಿ ನನಗೆ ಪಾಠ.

"ನೀವು 'ಬರ್ತೀಯಾ' ಅಂದಾಗ ಅವರೂ 'ಬರ್ತೀಯಾ' ಅಂದ್ರೆ ಅದು ನಿಮ್ಮ ಮಾತೇ ವಾಪಸ್ ಬಂದಿದ್ದು. 'ಬರ್ತೀನಿ' ಅಂದ್ರೋ, ಮಾತು ಒಳಗೆ ಹೋಗಿ ಅವರದಾಗಿ ಹೊರಗೆ ಬಂತು ಅಂತ. ಕೊನೇ ಅಕ್ಷರದ ಮೇಲೆ ಕಿವಿ ಇಟ್ಟಿರಿ."

"ತಲೆ ಆಡಿಸ್ತಾಳಲ್ಲ, ಅದು?"

"ಸದ್ಯಕ್ಕೆ ನಂಬಬೇಡಿ. 'ನಿಮ್ಮ ಹೆಸರು ಟೇಬಲ್ಲಾ' ಅಂದೆ. ಅದಕ್ಕೂ ಆಡಿಸಿದ್ರು."

"ನಾವು ಆಡಿದ್ದು ಅರ್ಥ ಆಗುತ್ತಾ ಅವಳಿಗೆ?"

"ಎಷ್ಟು ಅಂತ ಹೇಳಕ್ಕಾಗಲ್ಲ. ಆಗುತ್ತೆ ಅಂತ್ಲೇ ತಿಳ್ಕೊಂಡು ಮಾತಾಡಿ. ಕೇಳಿ, ಆಮೇಲೆ ಕಾಯಿರಿ. ನೀವು ಕಾಯಲ್ಲ."

ಇಪ್ಪತ್ತೈದು ದಾಟದ ಹುಡುಗಿ. ನಾನು ಕಾಯುವುದಿಲ್ಲವಂತೆ. ಹೌದು, ಕಾಯುವುದಿಲ್ಲ. ಬಸ್ಸಿಗೂ ಕಾಯುವುದಿಲ್ಲ, ನಡೆದು ಹೋಗುತ್ತೇನೆ.

೧೨ ಫೆಬ್ರವರಿ, ಬುಧವಾರ

ಇಡೀ ಸಂಜೆ ಕೊನೆಯಕ್ಷರ ಕೇಳುತ್ತ ಕೂತೆ. ಏನೂ ಇಲ್ಲ. ಮಕ್ಕಿಕಾಮಕ್ಕಿ. ಹಾಳೆಯ ಮೇಲೆ ಸತ್ತು ಬಿದ್ದ ನೊಣವನ್ನೂ ಬಿಡದೆ ನಕಲು ಮಾಡಿದ ಗುಮಾಸ್ತನ ಕಥೆ ನೆನಪಾಯಿತು. ನಾನು ಕೆಮ್ಮಿದರೆ ಅಕ್ಕ ಕೆಮ್ಮಲಿಲ್ಲ, ಅಷ್ಟೇ ಪುಣ್ಯ.

೧೬ ಫೆಬ್ರವರಿ, ಭಾನುವಾರ

ಇವತ್ತಿನದನ್ನು ಬರೆಯಬಾರದು ಅಂದುಕೊಂಡಿದ್ದೆ.

ಬೆಳಗ್ಗೆ ಹಾಲು ಉಕ್ಕಿತು. ಒರೆಸುತ್ತಿದ್ದಾಗ ತಮ್ಮನ ಫೋನು. ಫೋನು ಹಿಡಿದು ತಿರುಗುವಷ್ಟರಲ್ಲಿ ಅಕ್ಕನ ಕೈಯಿಂದ ಬಟ್ಟಲು ಜಾರಿ ಹಾಸಿಗೆಯೆಲ್ಲ ರೊಟ್ಟಿ-ಹಾಲಿನ ಪಾಯಸ. "ಅಯ್ಯೋ ಸಾಕಪ್ಪಾ ಸಾಕು! ಎಷ್ಟು ಅಂತ ನೋಡ್ಕೊಳ್ಳೋದು ನಿನ್ನ!" ಅಂದೆ.

"ಅಯ್ಯೋ ಸಾಕಪ್ಪಾ ಸಾಕು. ಎಷ್ಟು ಅಂತ ನೋಡ್ಕೊಳ್ಳೋದು ನಿನ್ನ."

ಮಾತಷ್ಟೇ ಅಲ್ಲ, ರಾಗವೂ ನನ್ನದೇ. 'ಸಾಕು' ಅನ್ನುವಾಗ ನನ್ನ ದನಿ ಮೂಗಿಗೇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಇವಳು ಅಣಕಿಸುತ್ತಿದ್ದಾಳೆ ಅಂತಲೇ ಒಂದು ಕ್ಷಣ ಅನ್ನಿಸಿತು. ಚಿಕ್ಕಂದಿನಲ್ಲಿ ಹಾಗೆ ಮಾಡುತ್ತಿದ್ದದ್ದು ನಾನು. ಅವಳು ಜಡೆ ಮುಂದೆ ಹಾಕಿದರೆ ನನಗೂ ಮುಂದೆ, ಅವಳು ಮುನಿಸಿಕೊಂಡರೆ ನನಗೂ ಊಟ ಬೇಡ. ಮನೆಯಲ್ಲಿ ನನಗೆ 'ಕಾಪಿ' ಅಂತಲೇ ಹೆಸರಿತ್ತು. "ಕಾಪಿ, ನೀನು ಆಮೇಲೆ ಬಾ," ಅಂತ ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಹಾಸಿಗೆ ಬದಲಿಸಿದೆ. ಹಿಂದಿನ ಮನೆಯಾಕೆಯನ್ನು ಸ್ವಲ್ಪ ಹೊತ್ತು ಕೂರಿಸಿ ಬೀದಿಗಿಳಿದೆ. ಅಂಗಡಿ ಸಾಲು ಮುಗಿಯುವವರೆಗೆ ಹೋದೆ, ತಿರುಗಿ ಬಂದೆ, ಮತ್ತೆ ಹೋದೆ.

೨೦ ಫೆಬ್ರವರಿ, ಗುರುವಾರ

ತಮ್ಮ ಹೇಳಿದ: "ಚಿಕ್ಕಕ್ಕ, ಒಳ್ಳೇ ಜಾಗ ನೋಡಿದೀನಿ. ನಿಮ್ಮೂರಲ್ಲೇ, ಊರ ಹೊರಗೆ. ನರ್ಸು, ವ್ಯಾಯಾಮ, ತೋಟ ಎಲ್ಲ ಇದೆ. ನೀನು ಎಷ್ಟು ದಿನ ಅಂತ ಹೀಗೆ?"

"ನಾನೇನಾದ್ರೂ ಅಂದ್ನಾ?"

"ನಿನ್ನ ದನಿ ಅನ್ನುತ್ತೆ."

ಒಳ್ಳೆಯವನೇ. ಖರ್ಚೂ ಅವನದೇ ಅಂತ ಮೊದಲೇ ಹೇಳಿಬಿಟ್ಟ. ಯೋಚಿಸುತ್ತೇನೆ ಅಂದೆ. ಫೋನಿಟ್ಟ ಕೂಡಲೇ ಎಷ್ಟು ಹಗುರ ಅನ್ನಿಸಿತೆಂದರೆ ಮೂರು ಪದ ಒಟ್ಟಿಗೆ ಮುಗಿಸಿದೆ.

'ಕಾಪಿ'ಯ ಜಾತಕವೂ ಸಿಕ್ಕಿತು. ಲ್ಯಾಟಿನ್ನಿನಲ್ಲಿ ಅದಕ್ಕೆ ಸಮೃದ್ಧಿ ಅಂತ ಅರ್ಥವಂತೆ. ಒಂದು ಇದ್ದದ್ದು ಹಲವಾದರೆ ಸಿರಿ ಹೆಚ್ಚಿದ ಹಾಗೆ. ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ, ಪಾಪ. ಸಂಪಾದಕರಿಗೆ ತೋರಿಸಲಿಲ್ಲ.

೨೫ ಫೆಬ್ರವರಿ, ಮಂಗಳವಾರ

ಒಂದು ಉಪಾಯ ಕಂಡುಕೊಂಡೆ. ಪ್ರಶ್ನೆ ಕೇಳಿದರೆ ಪ್ರಶ್ನೆಯೇ ವಾಪಸ್ ಬರುತ್ತದೆ, ತಲೆ ಚಿಟ್ಟು ಹಿಡಿಯುತ್ತದೆ. ಅದರ ಬದಲು ಇಬ್ಬರ ಬಾಯಲ್ಲೂ ನಿಜವಾಗುವಂಥದ್ದನ್ನೇ ಹೇಳುವುದು. "ಬಿಸಿಲು ಬಂತು." "ಬಿಸಿಲು ಬಂತು." "ಚಹಾ ಚೆನ್ನಾಗಿದೆ." "ಚಹಾ ಚೆನ್ನಾಗಿದೆ." ಹೀಗೆ ಆಡಿದರೆ ಹೊರಗಿನವರಿಗೆ ಇಬ್ಬರು ಮುದುಕಿಯರು ಹರಟುವಂತೆಯೇ ಕೇಳಿಸೀತು. ಶಕ್ತಿ ಉಳಿಯುತ್ತದೆ, ಅಷ್ಟಕ್ಕೇ ಇದು.

ಸಂಪಾದಕರು ಇವತ್ತು ವಿಚಿತ್ರವಾಗಿ ನೋಡಿದರು. "ಏನಮ್ಮಾ, ಮೈ ಹುಷಾರಿಲ್ವಾ? ಈಚೆಗೆ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯ್ತೀರಿ." ಅವರ ತಮಾಷೆ ಅವರಿಗೇ ಇರಲಿ.

೨೭ ಫೆಬ್ರವರಿ, ಗುರುವಾರ

ಆರೈಕೆ ಕೇಂದ್ರದ ಮ್ಯಾನೇಜರ್ ಮನೆಗೆ ಬಂದಿದ್ದರು. ಮೆಲುದನಿಯ ಹೆಂಗಸು. ಅಕ್ಕನ ಕೈಗೆ ಬಣ್ಣದ ಹಾಳೆಯೊಂದನ್ನು ಕೊಟ್ಟರು: ಹಸಿರು ಗೇಟು, ಹಿಂದೆ ಹೂಗಿಡ. ವೈದ್ಯರ ಕಾಗದ ಓದಿದರು.

"ಮಾತು ಸ್ವಲ್ಪ ತೊಡಕು ಅಂತ ಬರೆದಿದಾರೆ. ಪರವಾಗಿಲ್ಲ. ಆದ್ರೆ ನಮ್ಮದೊಂದು ನಿಯಮ. ಬರೋರು ತಾವೇ ಒಪ್ಪಬೇಕು. ಮನೆಯವರು ಹೇಳಿದ್ರೆ ಸಾಲದು." ಅಕ್ಕನ ಕಡೆ ಬಾಗಿದರು. "ಅಮ್ಮಾ, ನಮ್ಮಲ್ಲಿಗೆ ಬರ್ತೀರಾ?"

"ನಮ್ಮಲ್ಲಿಗೆ ಬರ್ತೀರಾ."

ಅವರು ನನ್ನ ಮುಖ ನೋಡಿದರು.

"ಹೊಸಬರ ಹತ್ರ ಹೀಗೇ," ಅಂದೆ. "ನಾನು ಕೇಳ್ತೀನಿ ಇರಿ." ಮಂಚದ ಮೇಲೆ ಕೂತೆ. ಅಕ್ಕನ ಎಡಗೈ ಹಿಡಿದುಕೊಂಡೆ. "ಅಕ್ಕ, ಆ ತೋಟದ ಮನೆ ಇದೆಯಲ್ಲ, ಅಲ್ಲಿಗೆ. ಅಲ್ಲಿಗೆ ಹೋಗ್ತೀನಿ."

"ಅಲ್ಲಿಗೆ ಹೋಗ್ತೀನಿ," ಅಂದಳು ಅಕ್ಕ. ಸ್ಪಷ್ಟವಾಗಿ.

"ಸಂತೋಷ ಅಮ್ಮಾ," ಅಂದರು ಮ್ಯಾನೇಜರ್.

ಮುಂದಿನ ಶನಿವಾರಕ್ಕೆ ಗೊತ್ತಾಯಿತು. ತಮ್ಮನಿಗೆ ತಿಳಿಸಿದೆ. "ಒಪ್ಪಿದ್ಲಾ ದೊಡ್ಡಕ್ಕ? ನಿಜವಾಗ್ಲೂ?" ಅಂದ. "ಬಾಯಿಬಿಟ್ಟು ಹೇಳಿದ್ಲು," ಅಂದೆ. ಇದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ಅವರು ಕೇಳಿದರು, ಅವಳು ಹೇಳಿದಳು.

ಆಮೇಲೆ ಅಡಿಗೆಮನೆಯ ಕಪಾಟನ್ನೆಲ್ಲ ಇಳಿಸಿ ಒರೆಸಿ ಮತ್ತೆ ಜೋಡಿಸಿದೆ. ಅದೇನೂ ಕೊಳಕಾಗಿರಲಿಲ್ಲ.

೩ ಮಾರ್ಚ್, ಸೋಮವಾರ

'ನಕಲಿ' ಶಬ್ದಕ್ಕೆ ಉದಾಹರಣೆ ವಾಕ್ಯ ಬೇಕು. ನಕಲಿ ನೋಟು, ನಕಲಿ ವೈದ್ಯ, ಎಲ್ಲ ಹಳೆಯದರಲ್ಲಿ ಇವೆ. ಹೊಸದು ಬರೆದೆ: 'ಅವಳ ಒಪ್ಪಿಗೆ ನಕಲಿಯಾಗಿತ್ತು.' ಹೊಡೆದು ಹಾಕಿದೆ. 'ಮಾರುಕಟ್ಟೆಯಲ್ಲಿ ನಕಲಿ ಗಡಿಯಾರಗಳು ಬಂದಿವೆ' ಅಂತ ಬರೆದೆ.

೫ ಮಾರ್ಚ್, ಬುಧವಾರ

ಅಕ್ಕನ ಬಟ್ಟೆ ಪೆಟ್ಟಿಗೆಗೆ ತುಂಬಿದೆ. ಅವಳು ನೋಡುತ್ತಿದ್ದಳು. "ಬಿಸಿಲು ಬಂತು," ಅಂದೆ. ಅವಳು ಏನೂ ಅನ್ನಲಿಲ್ಲ.

ಬಂದಾಗಿನಿಂದ ಮೊದಲ ಸಲ ನನ್ನ ಮಾತು ವಾಪಸ್ ಬರಲಿಲ್ಲ. ಕೇಳಿಸಲಿಲ್ಲವೇನೋ ಅಂತ ಇನ್ನೊಮ್ಮೆ ಅಂದೆ. ಕಿಟಕಿ ಕಡೆ ತಿರುಗಿದಳು.

೮ ಮಾರ್ಚ್, ಶನಿವಾರ

ಟ್ಯಾಕ್ಸಿಯಾತನಿಗೆ ದೂರದ ಬಾಡಿಗೆ ಬಂದಿತ್ತು. ಅಕ್ಕನ ಸ್ಕೂಲಿನ ಗಾಡಿ ನಮ್ಮ ಬೀದಿಯಲ್ಲೇ ನಿಂತಿದೆ; ಆತನೇ ಆಗಾಗ ಶುರು ಮಾಡಿ ಬ್ಯಾಟರಿ ಉಳಿಸಿದ್ದಾನೆ. ಲೈಸೆನ್ಸ್ ನನಗೂ ಇದೆ. ಕೊಡಿಸಿದವಳು ಪಕ್ಕದಲ್ಲೇ ಕೂರುತ್ತಾಳೆ, ಇನ್ನೇನು ಭಯ ಅಂದುಕೊಂಡು ನಾನೇ ಹೊರಟೆ.

ಊರೊಳಗೆ ಎರಡು ಸಲ ಗಾಡಿ ಆಫ್ ಆಯಿತು. ಅಕ್ಕ ಮುಂದೆ ನೋಡುತ್ತ ಕಲ್ಲಿನಂತೆ ಕೂತಿದ್ದಳು. ಊರು ದಾಟಿದ ಮೇಲೆ ದೊಡ್ಡ ರಸ್ತೆ. ಒಂದು ತಿರುವು. ತಿರುಗಿದ್ದೇ ದೂರದಲ್ಲಿ ಹಸಿರು ಗೇಟು, ಹೂಗಿಡ, ಮ್ಯಾನೇಜರ್ ಕೊಟ್ಟ ಹಾಳೆಯಲ್ಲಿದ್ದ ಹಾಗೆಯೇ. "ಬಂದ್ವಿ," ಅಂದೆ.

ಗಾಡಿ ಒಮ್ಮೆಗೇ ಕುಪ್ಪಳಿಸಿ ನಿಂತುಬಿಟ್ಟಿತು. ನನ್ನ ಎದೆ ಸ್ಟೀರಿಂಗಿಗೆ ಬಡಿಯುವುದೊಂದು ಬಾಕಿ. ಪೆಟ್ಟಿಗೆ ಹಿಂದಿನ ಸೀಟಿನಿಂದ ಉರುಳಿತು. ಎಂಜಿನ್ ಬಂದ್. ನನ್ನ ಕಾಲು ಬ್ರೇಕಿನ ಮೇಲೆ ಇರಲೇ ಇಲ್ಲ.

ಕಲಿಸುವವರ ಸೀಟಿನ ಮುಂದೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಇರುವ ಗಾಡಿ ಅದು. ಅಷ್ಟು ದಿನ ಅದರಲ್ಲಿ ಕಲಿತವಳು ನಾನು, ಮರೆತಿದ್ದೆ ಅಂದರೆ ಯಾರೂ ನಂಬಲಾರರು. ಮರೆತಿದ್ದೆ. ಅಕ್ಕನ ಎಡಗಾಲು ಇನ್ನೂ ಬ್ರೇಕನ್ನು ಒತ್ತಿ ಹಿಡಿದಿತ್ತು.

ಹಿಂದೆ ಲಾರಿ ಹಾರ್ನು. ಡ್ರೈವರು ಪಕ್ಕದಲ್ಲಿ ಹಾದುಹೋಗುತ್ತ ಕತ್ತು ಹೊರಗೆ ಹಾಕಿ, "ನಿಂಗೆ ಲೈಸೆನ್ಸ್ ಕೊಡ್ಸಿದೋರು ಯಾರಮ್ಮಾ!" ಅಂತ ಕೂಗಿದ.

"ಯಾಕೆ ಹೀಗೆ ಮಾಡ್ದೆ?" ಅಂತ ಕಿರುಚಿದೆ.

ಅಕ್ಕ ನನ್ನ ಕಡೆ ತಿರುಗಿದಳು. ಪೂರ್ತಿ ತಿರುಗಿದಳು, ಸೋತ ಹೆಗಲನ್ನೂ ಎಳೆದುಕೊಂಡು.

"ಯಾಕೆ ಹೀಗೆ ಮಾಡ್ದೆ?"

ಅವೇ ಮಾತುಗಳು. ಕಿರುಚಾಟ ಮಾತ್ರ ಇರಲಿಲ್ಲ. ಮೆಲ್ಲಗೆ ಕೇಳಿದಳು. ನಾನು ಮಾಡ್ದೆ, ನೀನು ಮಾಡ್ದೆ, ಆಡುಮಾತಿನಲ್ಲಿ ಎರಡೂ ಒಂದೇ. ಕೊನೆಯಕ್ಷರದಿಂದ ಏನೂ ತಿಳಿಯುವಂತಿರಲಿಲ್ಲ. ಮುಖ ನೋಡಬೇಕಾಯಿತು. ಇಷ್ಟು ದಿನದಲ್ಲಿ ಅವಳ ಬಾಯಿಯನ್ನು ನೋಡಿದ್ದೆ, ಕೈಯನ್ನು, ಬಟ್ಟಲನ್ನು, ಹಾಸಿಗೆಯನ್ನು. ಕಣ್ಣು ತುಂಬಿತ್ತು ಅವಳಿಗೆ.

ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, "ಈಗ ಬರ್ತೀನಿ," ಅಂತ ಇಳಿದು ಗೇಟಿನವರೆಗೆ ನಡೆದೆ. ಮ್ಯಾನೇಜರ್ ಹೊರಗೇ ಕಾಯುತ್ತಿದ್ದರು.

"ಅವತ್ತು ಹೋಗ್ತೀನಿ ಅಂದಿದ್ದು ಅವಳಲ್ಲ. ನಾನು."

"ಅವರ ಬಾಯಿಂದ್ಲೇ ಕೇಳಿದ್ನಲ್ಲ?"

"ಬಾಯಿ ಅವಳದು."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದ ಮೇಲೆ ಬೈಯಲಿಲ್ಲ. "ನಾವು ಹೇಳಿದ್ದನ್ನೇ ಅವರು ತಿರುಗಿ ಹೇಳ್ತಾರೆ ಅಂತ ನೀವು ಅವತ್ತೇ ಹೇಳ್ಬೇಕಿತ್ತು," ಅಂದರು. "ನಾನೂ ಕೇಳ್ಬೇಕಿತ್ತು." ಕುಡಿಯಲು ನೀರು ಕೊಟ್ಟರು. ಅಕ್ಕನಿಗೂ ಒಂದು ಲೋಟ ತಂದೆ.

ವಾಪಸ್ ಬರುವಾಗ ಗಾಡಿ ಒಮ್ಮೆಯೂ ಆಫ್ ಆಗಲಿಲ್ಲ.

೯ ಮಾರ್ಚ್, ಭಾನುವಾರ

ತಮ್ಮ ರೇಗಿದ. "ಈಗೇನು, ನೀನು ಕೆಲಸ ಬಿಡ್ತೀಯಾ? ಅವಳು ಬ್ರೇಕ್ ಒತ್ತಿದ್ಲು ಅಂತ ನೀನು ಎಲ್ಲ ಬಿಟ್ಟು ಬಂದ್ಯಾ? ಕಾಲು ಸೆಳೆತ ಬಂದಿರಬಹುದು!"

"ಇರಬಹುದು. ನೀನೇ ಬಂದು ನೋಡು."

ಬರುತ್ತಾನಂತೆ.

ಪವರ್ಗಕ್ಕೆ ಬಂದಿದ್ದೇನೆ. 'ಪ್ರತಿ'. ಪ್ರತಿ ಅಂದರೆ ನಕಲು. ಪ್ರತಿ ಅಂದರೆ ಒಂದೊಂದೂ: ಪ್ರತಿದಿನ, ಪ್ರತಿಸಲ. ಪ್ರತಿ ಅಂದರೆ ಎದುರು ನಿಲ್ಲುವುದು, ಪ್ರತಿಭಟಿಸುವುದು. ಪ್ರತಿಯಾಗಿ ಅಂದರೆ ಕೊಟ್ಟದ್ದಕ್ಕೆ ತಿರುಗಿ ಕೊಡುವುದು. ಸಂಸ್ಕೃತದಿಂದ ಬಂದ ಈ ಎರಡಕ್ಷರ ಇಷ್ಟೊಂದು ಕೆಲಸ ಮಾಡುತ್ತದೆ, ಮನೆಯಲ್ಲಿ ನಾವಿಬ್ಬರೂ ಸೇರಿ ಒಂದು ಸರಿಯಾದ ಮಾತು ಆಡಲಾಗುತ್ತಿಲ್ಲ.

ಸಂಜೆ ಅಕ್ಕನ ತಲೆ ಬಾಚಿದೆ. ಏನನ್ನೂ ಕೇಳಲಿಲ್ಲ. ಹೇಳಲೂ ಇಲ್ಲ. ಕೈ ನೋಯುವವರೆಗೆ ಬಾಚಿದೆ.

೧೪ ಮಾರ್ಚ್, ಶುಕ್ರವಾರ

ತಮ್ಮ ಬೆಳಗಿನ ರೈಲಿಗೆ ಬಂದ. ಬಂದವನೇ ಅಕ್ಕನ ಮುಂದೆ ಮಂಡಿಯೂರಿ, ಅವಳಿಗೆ ಕಿವುಡೋ ಎಂಬಂತೆ ಜೋರಾಗಿ, "ದೊಡ್ಡಕ್ಕಾ! ನಾನು! ಯಾರು ಹೇಳು?" ಅಂದ.

"ಯಾರು ಹೇಳು," ಅಂದು, ಎಡಗೈಯಿಂದ ಅವನ ಕೆನ್ನೆ ಮುಟ್ಟಿದಳು. ಅವನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ತುಂಬ ಹೊತ್ತು ಮುಖ ತೊಳೆದ.

ಊಟದ ನಂತರ ಮೂವರೂ ಕೂತಿದ್ದಾಗ ಕೇಳಿದೆ: "ಅಕ್ಕ, ನಮ್ಮನೇಲಿ ಇರ್ತೀಯಾ?"

ಕಾದೆ. ತಮ್ಮ ಬಾಯಿ ತೆರೆದ, ಕೈ ಎತ್ತಿ ತಡೆದೆ. ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಮಾಡುತ್ತ ಹೋದರು. ಅವಳ ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು.

"ನಮ್ಮನೇಲಿ ಇರ್ತೀ... ನಿ."

ನಿ! ಇರ್ತೀನಿ! ನಾನೂ ತಮ್ಮನೂ ಮಕ್ಕಳ ಹಾಗೆ ಕೂಗಿದೆವು. ಮಾತು ಕಲಿಸುವ ಹುಡುಗಿಗೆ ಫೋನು ಮಾಡಿದೆ. ಅವಳೂ ಆ ಕಡೆ ಕೂಗಿದಳು. ನನ್ನ ಜೊತೆಗೇ ಇರುತ್ತಾಳಂತೆ ಅಕ್ಕ. ಕೋಣೆಯನ್ನು ಹೇಗೆ ತಿರುಗಿಸಿ ಜೋಡಿಸುವುದು ಅಂತ ಆಗಲೇ ಯೋಚನೆ ಶುರುವಾಗಿದೆ.

೧೫ ಮಾರ್ಚ್, ಶನಿವಾರ

ಬೆಳಗ್ಗೆ ನೋಡಿದರೆ ಅಕ್ಕ ಹೊರಬಾಗಿಲಲ್ಲಿ ನಿಂತಿದ್ದಾಳೆ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಇಲ್ಲ.

"ನಮ್ಮನೆ," ಅಂದಳು.

"ಇದೇ ಅಲ್ವಾ ಅಕ್ಕ ನಮ್ಮನೆ?"

"ನಮ್ಮನೆ." ಕೋಲೆತ್ತಿ ತೋರಿಸಿದಳು. ಮೇಲಕ್ಕೆ. ಆಕಾಶಕ್ಕೇನ್ರೀ ಅಂತ ಹಿಂದಿನ ಮನೆಯಾಕೆ ಗಾಬರಿಯಾದರು. ತಮ್ಮನಿಗೇ ಮೊದಲು ಹೊಳೆದದ್ದು. "ಮೂರನೇ ಮಹಡಿ," ಅಂದ. "ದೊಡ್ಡಕ್ಕ ಅವಳ ಮನೆ ಅಂತಿದಾಳೆ."

ನಿನ್ನೆ ಅವಳು ಹೇಳಿದ 'ನಮ್ಮನೆ'ಯೂ ನನ್ನದಲ್ಲ. ಅದೇ ಪದ, ಬೇರೆ ಬಾಗಿಲು.

ನಾನು ಒಳಗೆ ಹೋಗಿ ಪಾತ್ರೆ ತೊಳೆದೆ. ಕೆಲವು ತೊಳೆದಿದ್ದವೇ. ಬೇಜಾರೇನಿಲ್ಲ. ಅವಳು ಬಂದ ದಿನದಿಂದ ನಾನು ಕೇಳಿಕೊಂಡಿದ್ದೂ ಇದನ್ನೇ ಅಲ್ಲವೇ, ನನ್ನ ಮನೆ ನನಗೆ ಅಂತ.

೨೩ ಮಾರ್ಚ್, ಭಾನುವಾರ

ಮೆಟ್ಟಿಲಿಗೆ ಎಡಗಡೆಯೂ ಹಿಡಿಕಂಬಿ ಹಾಕಿಸಿದ್ದಾಯಿತು. ಹಗಲಿಗೊಬ್ಬಾಕೆ, ರಾತ್ರಿ ಮಲಗಲು ಒಬ್ಬಾಕೆ ಸಿಕ್ಕರು. ತಮ್ಮ ರಜೆ ಮುಂದುವರಿಸಿ ಎಲ್ಲದಕ್ಕೂ ಓಡಾಡಿದ. ಮಾತು ಕಲಿಸುವ ಹುಡುಗಿ, ನಡಿಗೆ ಕಲಿಸುವವರು, ಇಬ್ಬರೂ ಮೂರನೇ ಮಹಡಿಗೇ ಬರುತ್ತಾರಂತೆ.

ಏರಿಸಿದ್ದು ಒಂದು ಯುದ್ಧ. ಟ್ಯಾಕ್ಸಿಯಾತ ಕುರ್ಚಿ ಹೊತ್ತು ಮುಂದೆ ಹೋಗಿ ಪ್ರತಿ ತಿರುವಿನಲ್ಲೂ ಇಡುತ್ತಿದ್ದ. ಅಕ್ಕ ಅಲ್ಲಿಯವರೆಗೆ ಹತ್ತಿ ಕೂರುವುದು, ಉಸಿರು ಬಂದ ಮೇಲೆ ಕುರ್ಚಿ ಮತ್ತೆ ಮುಂದಕ್ಕೆ. ತಮ್ಮ ಹಿಂದೆ, ನಾನು ಪಕ್ಕ.

"ಅರ್ಜೆಂಟಿಲ್ಲ ಮೇಡಂ, ಹಾಫ್ ಕ್ಲಚ್ಚಲ್ಲಿ ಬನ್ನಿ," ಅಂದ ಟ್ಯಾಕ್ಸಿಯಾತ ಮೇಲಿನಿಂದ.

"ಹಾಫ್ ಕ್ಲಚ್ಚು," ಅಂದಳು ಅಕ್ಕ. ಹೇಳಿ ನಕ್ಕಳು. ನಗು ಒಂದೇ ಕಡೆಗೆ ಎಳೆಯಿತು, ಆದರೂ ನಗು.

ಮೇಲೆ ಹೋಗಿ ತನ್ನ ಕುರ್ಚಿಯಲ್ಲಿ ಕೂತು, ಬೀದಿಯನ್ನು ಮೇಲಿನಿಂದ ನೋಡಿದಳು. ನಾವು ಮೂವರೂ ಅಲ್ಲಿ ಇದ್ದೇವೆ ಅನ್ನುವುದೇ ಅವಳಿಗೆ ಮರೆತಂತಿತ್ತು.

ನಾನು ನನ್ನ ಮನೆಗೆ ಬಂದೆ. "ಬಂದೆ," ಅಂದೆ ಗಟ್ಟಿಯಾಗಿ. ಕಿಟಕಿ ಪಕ್ಕದ ಮಂಚ ಖಾಲಿ.

೨೮ ಮಾರ್ಚ್, ಶುಕ್ರವಾರ

ಕೆಲಸ ಸಾಗುತ್ತಿದೆ. ಮನೆಯಲ್ಲಿ ಕೂರಲಾಗುತ್ತಿಲ್ಲ. ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಹಿಂದಿನ ಮನೆಯಾಕೆ, "ಅಕ್ಕ ಇದ್ದಾಗಲೇ ನೀವು ಚೆನ್ನಾಗಿದ್ರಿ," ಅಂದರು. ಜನಕ್ಕೆ ಏನು ಬೇಕಾದರೂ ಅನ್ನಿಸುತ್ತದೆ.

೬ ಏಪ್ರಿಲ್, ಭಾನುವಾರ

ಮಧ್ಯಾಹ್ನ ಅಕ್ಕನ ಮನೆಗೆ ಹೋದೆ. ಹಗಲಿನಾಕೆಗೆ ಭಾನುವಾರ ರಜೆ. ಅಕ್ಕ ಆಗಲೇ ಊಟ ಮಾಡಿ ಕಿಟಕಿ ಬಳಿ ಕೂತಿದ್ದಳು. ಹೊಸದಾಗಿ ಕೆಲವು ಮಾತು ಬಂದಿವೆ: ಹೂಂ, ಬೇಡ, ಇಲ್ಲಿಡು. ಆದರೆ ಹೆಚ್ಚಿನದು ಇನ್ನೂ ನಮ್ಮದೇ.

ನನಗೆ ತಡೆದುಕೊಳ್ಳಲಾಗಲಿಲ್ಲ, ಎಲ್ಲ ಹೇಳಿಕೊಂಡೆ. ನಿಂತುಕೊಂಡೇ. 'ನಕಲು' ಬಗ್ಗೆ ನಾನು ಬರೆದ ಅರ್ಧ ಪುಟವನ್ನು ಸಂಪಾದಕರು ಒಂದು ಸಾಲಿಗೆ ಇಳಿಸಿದ್ದು. 'ಪ್ರತಿ'ಯ ಅರ್ಥಗಳನ್ನು ನಾನು ಜೋಡಿಸಿದ ಕ್ರಮವನ್ನೇ ಬದಲಿಸಿದ್ದು. ಕೇಳಿದರೆ ಜಾಗ ಇಲ್ಲ ಅಂದದ್ದು. ಅಚ್ಚಿಗೆ ಹೋಗಲು ಇನ್ನು ಹೆಚ್ಚು ದಿನವಿಲ್ಲ ಅನ್ನುವುದು. ತಮ್ಮ ಫೋನು ಮಾಡದ್ದು. ಮನೆಯಲ್ಲಿ ನಲ್ಲಿ ತೊಟ್ಟಿಕ್ಕುವುದು. ಹೇಳುತ್ತ ಹೇಳುತ್ತ ಬಾಗಿಲವರೆಗೆ ಹೋದೆ, ಕಪಾಟಿನವರೆಗೆ ಬಂದೆ, ಪರದೆ ಸರಿ ಮಾಡಿದೆ, ಮತ್ತೆ ಬಾಗಿಲಿಗೆ.

"ಕೂತ್ಕೊಳೇ," ಅಂದಳು ಅಕ್ಕ. "ತಲೆ ತಿರುಗತ್ತೆ."

ನಿಂತೆ. ಯಾರು ಅಂದದ್ದು ಇದನ್ನು? ಟಿವಿ ಹಾಕಿರಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಬಂದಾಗಿನಿಂದ ಆಡಿದ್ದನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡೆ. ಆ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಅಕ್ಕನಿಗೆ 'ಕೂತ್ಕೊಳೇ' ಅಂತ ನಾನು ಹುಟ್ಟಿದಾಗಿನಿಂದ ಅಂದವಳಲ್ಲ.

ಅವಳು ಕೋಲಿನಿಂದ ಎದುರಿನ ಕುರ್ಚಿಯನ್ನು ನನ್ನ ಕಡೆ ನೂಕಿದಳು.

ಕೂತೆ.